ಬೆನ್ನ ಹಿಂದಿನ ದನಿ

ಜೂನ್ 12, ಗುರುವಾರ.

ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ. ಚರ್ಚ್ ಗುಡಿಸುವ ಅಜ್ಜಿ ಇವತ್ತು ಗಾಯಕರ ಬೆಂಚುಗಳನ್ನೆಲ್ಲ ಅಂಗಳಕ್ಕೆ ಎಳೆದು ತೊಳೆಯುತ್ತಿದ್ದಳು. ಅದು ಶನಿವಾರದ ಕೆಲಸ. ಹಾಡಲು ಬಂದವರೆಲ್ಲ ಹೊರಗೆ ಗೊಣಗುತ್ತ ನಿಂತಿದ್ದರು. ಸಿಟ್ಟು ನೆತ್ತಿಗೇರಿ ಕೂಗಾಡಿದೆ. ಅಷ್ಟರಲ್ಲಿ ಒಳಗೆ ಚಾವಣಿ ಕುಸಿಯಿತು, ಸರಿಯಾಗಿ ಬೆಂಚುಗಳು ಇರುತ್ತಿದ್ದ ಜಾಗಕ್ಕೆ. ಒಬ್ಬರ ಕೂದಲೂ ಕೊಂಕಲಿಲ್ಲ.

"ಇವತ್ತೇ ತೊಳಿ ಅಂತ ಯಾರಜ್ಜಿ ಹೇಳಿದ್ದು?" ಕೇಳಿದೆ.

ಎಳವೆಯ ಜ್ವರದಲ್ಲೇ ಪೂರ್ತಿ ಕಿವುಡಾದವಳು, ಎಂದಿನಂತೆ ನನ್ನ ತುಟಿ ನೋಡಿ ಅರ್ಥಮಾಡಿಕೊಂಡಳು.

"ನೀವೇ ಅಲ್ವಾ ಫಾದರ್? ನಾನು ಬಗ್ಗಿ ನೆಲ ಒರೆಸ್ತಿದ್ದಾಗ ಹಿಂದೆ ನಿಂತು ಹೇಳಿದ್ರಿ. ನಿಮ್ಮ ದನಿ ಇಷ್ಟು ಮೆತ್ತಗಿದೆ ಅಂತ ಗೊತ್ತೇ ಇರ್ಲಿಲ್ಲ."

ನಾನು ಹೇಳಿರಲಿಲ್ಲ. ನನ್ನ ದನಿ ಮೆತ್ತಗೂ ಇಲ್ಲ.

ಈಗ ಬೆನ್ನನ್ನು ಗೋಡೆಗೊತ್ತಿ ಕೂತು ಬರೆಯುತ್ತಿದ್ದೇನೆ. ನನ್ನ ಹಿಂದೆಯೂ ಯಾರಾದರೂ ಬಂದು ನಿಂತಾರೆಂಬ ಭಯವೋ, ಯಾರೂ ಬರಲಾರರೆಂಬ ಭಯವೋ...