ಊರ ಕಡೆಯ ಕಿಂಡಿ

ಹೊಗೆಕಲ್ಲು ಬೆಟ್ಟದ ತಪ್ಪಲು,
ಪಾಂಡವಪುರ ತಾಲ್ಲೂಕು
20-11-2024

ಮುದ್ದಿನ ಮಗಳು ಆತಿಯಾಗೆ,

ನಿನ್ನ ಅಬ್ಬಾನ ಸಲಾಂ ಮತ್ತು ದುವಾ. ಅಳಿಯ ಶೋಯಬ್‌ಗೂ ತಿಳಿಸು. ನೀನು ಫೋನಿನಲ್ಲಿ ಕೇಳಿದ ಮಾತಿಗೆ ಮೂರು ವಾರದಿಂದ ಉತ್ತರ ಕೊಟ್ಟಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಅಳಲು ಶುರು ಮಾಡಿದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ.

ಆರೋಗ್ಯ ಚೆನ್ನಾಗಿದೆ. ಕೋಟೆಯ ಮುನ್ನೂರು ಮೆಟ್ಟಿಲು ಹತ್ತುವಾಗ ಮಂಡಿ ಮಾತ್ರ ಒಂದೊಂದು ಮೆಟ್ಟಿಲಿಗೂ ಬೈಯುತ್ತದೆ. ಪಕ್ಕದ ಮನೆ ದೇವರಾಜು ಸಂಜೆ ಹಾಲು ತಂದುಕೊಡುತ್ತಾನೆ. "ಲೇ ಪಾಷಾ, ಆ ಕಲ್ಲುಗೋಡೆನ ಯಾವನ್ಲಾ ಕದ್ಕೊಂಡು ಓಯ್ತಾನೆ? ಕಾವಲು ಗೀವಲು ಬುಟ್ಬುಟ್ಟು ಮಗಳ ಮನೇಲಿ ಇರ್ಬಾರ್ದಾ?" ಅಂತ ದಿನಾ ಅದೇ ರಾಗ. ಅವನು ಹೋದ ಮೇಲೆ ಮನೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಒಂಟಿತನ ಅಂದರೆ ಏನು ಅಂತ ಈ ವರ್ಷ ಗೊತ್ತಾಯಿತು.

ಕಳೆದ ಶನಿವಾರ ನಾಗಮಂಗಲದ ಕಡೆಯಿಂದ ಪವಿತ್ರ ಅಂತ ಒಬ್ಬ ಟೀಚರು ಶಾಲೆ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ನಾನು ಎಂದಿನ ಕಥೆ ಶುರು ಮಾಡಿದೆ. ಈ ಕೋಟೆ ಕಾದಾಡುವುದಕ್ಕೆ ಕಟ್ಟಿದ್ದಲ್ಲ, ನೋಡುವುದಕ್ಕೆ ಕಟ್ಟಿದ್ದು. ಇದ್ದವರು ಇಪ್ಪತ್ತೇ ಜನ ಸಿಪಾಯಿಗಳು. ಬಡಗಲ ಕಡೆ ಕುದುರೆಗಳ ಧೂಳೆದ್ದರೆ ಹಸಿ ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಬೇಕು, ಅದನ್ನು ಕಂಡು ಶ್ರೀರಂಗಪಟ್ಟಣದವರು ಬಾಗಿಲು ಹಾಕಿಕೊಳ್ಳಬೇಕು. ನನಗಿಂತ ಮುಂಚೆ ಕಾವಲಿದ್ದ ಕುಳ್ಳಯ್ಯ ಹೇಳಿಕೊಟ್ಟದ್ದು ಇಷ್ಟು. ಇದರಲ್ಲಿ ನಿಜ ಎಷ್ಟೋ, ಅವನು ಸೇರಿಸಿದ್ದು ಎಷ್ಟೋ.

ಆ ಟೀಚರು ಸುತ್ತ ನೋಡಿ ಕೇಳಿದರು: "ಅಲ್ಲಾ ಪಾಷಣ್ಣ, ಶತ್ರು ಬರಾದು ಆ ಕಡೆಯಿಂದ. ಈ ಪುಟ್ಟ ಕಿಂಡಿ ಯಾಕೆ ಊರ ಕಡೆ ಇಟ್ಟವ್ರೆ?"

"ಸಿಪಾಯಿಗಳ ಹೆಂಡ್ರು ಮಕ್ಳು ಕೆಳಗಿದ್ರು ಮೇಡಂ. ಮನೇಲಿ ಏನಾರಾ ಆದ್ರೆ ಬಟ್ಟೆ ಕಟ್ಟೋರು. ಇಲ್ಲಿ ಒಬ್ಬಂಗೆ ಅದೇ ಕೆಲ್ಸ, ಊರ ನೋಡ್ತಾ ಕೂರಾದು," ಅಂದೆ. ಅಂದವನೇ ಮಕ್ಕಳನ್ನು ಅಲ್ಲೇ ಬಿಟ್ಟು, ನೀರು ಕುಡಿಯುವ ನೆಪ ಹೇಳಿ ಆಚೆ ಹೋದೆ.

ಆ ಕಿಂಡಿ ನಿನಗೂ ಗೊತ್ತು. ಮೇಲೆ ಇವತ್ತಿಗೂ ಟವರ್ ಸಿಗುವುದಿಲ್ಲವಲ್ಲ, ನಿನ್ನ ಅಮ್ಮಿ ಮೂವತ್ತು ವರ್ಷ ಅದೇ ಪದ್ಧತಿ ಇಟ್ಟುಕೊಂಡಿದ್ದಳು. ಮಾಳಿಗೆಯ ತಂತಿಯಲ್ಲಿ ಬಿಳಿ ಬಟ್ಟೆ ಕಂಡರೆ ಊಟಕ್ಕೆ ಬನ್ನಿ ಅಂತ. ಕೆಂಪು ದುಪಟ್ಟಾ ಕಂಡರೆ ಇದ್ದದ್ದು ಬಿಟ್ಟು ಬನ್ನಿ ಅಂತ. ನೀನು ಹುಟ್ಟಿದ ದಿನ ಕೆಂಪು ಕಂಡು ನಾನು ಒಂದೇ ಚಪ್ಪಲಿಯಲ್ಲಿ ಓಡಿಬಂದದ್ದನ್ನು ಕೊನೆಯವರೆಗೂ ಎಲ್ಲರ ಮುಂದೆ ಆಡಿಕೊಂಡು ನಗುತ್ತಿದ್ದಳು.

ಬರುವ ತಿಂಗಳು ಅವಳು ಹೋಗಿ ವರ್ಷ ತುಂಬುತ್ತದೆ. ಆ ದಿನ ನೀವಿಬ್ಬರೂ ಬಂದು ನನ್ನನ್ನು ಕಿಕ್ಕೇರಿಯ ನಿಮ್ಮ ಮನೆಗೆ ಕರೆದುಕೊಂಡು ಹೋಗುತ್ತೀರಿ ಅಂತ ನೀನು ಅಂದಿದ್ದೆ. ಬರುವ ಆಸೆ ನನಗಿಲ್ಲವೇ ಮಗಳೇ? ಒಂದು ಮಾತು ಹೇಳದೆ ನಿನ್ನ ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೆ.

ಅಲ್ಲಾಹ್ ನಿನ್ನನ್ನೂ ಮೊಮ್ಮಗಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಬ್ಬಾ,
ಅಹಮದ್ ಪಾಷಾ

ತಾ.ಕ.: ಅಮ್ಮಿ ಎದೆ ಹಿಡಿದುಕೊಂಡವಳು ಕ್ಷಣದಲ್ಲಿ ಹೋದಳು, ಬಟ್ಟೆ ಹಾಕುವಷ್ಟೂ ಹೊತ್ತಿರಲಿಲ್ಲ ಅಂತ ನಿನಗೆ ಹೇಳಿದ್ದೆ. ಸುಳ್ಳು, ಬೇಟಿ. ಕೆಂಪು ದುಪಟ್ಟಾ ತಂತಿಯ ಮೇಲಿತ್ತು. ಗಾಳಿಗೆ ಹಾರದಿರಲಿ ಅಂತ ಎರಡೂ ತುದಿಗೆ ಕ್ಲಿಪ್ಪು ಹಾಕಿದ್ದಳು. ಆಗ ನಾನು ಬಡಗಲ ಗೋಡೆಯ ಹತ್ತಿರ, ಬಸ್ಸಿನಲ್ಲಿ ಬಂದ ಜನಕ್ಕೆ ಸಿಪಾಯಿಗಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದ ಕಥೆ ಹೇಳುತ್ತಿದ್ದೆ. ಚಪ್ಪಾಳೆ ತಟ್ಟಿದರು. ಹುರುಪಿನಲ್ಲಿ ಇನ್ನೊಂದು ಕಥೆ ಹೇಳಿದೆ. ಇಳಿದು ಬಂದಾಗ ಅವಳು ತಂತಿಯ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು, ಮುಖ ಬೆಟ್ಟದ ಕಡೆಗೆ. ಜೀವ ಹೋಗಿತ್ತು. ನೀನು ಬರುವ ಮೊದಲೇ ದುಪಟ್ಟಾ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಇದನ್ನು ಓದಿದ ಮೇಲೂ ಅಬ್ಬಾ ಬೇಕು ಅನ್ನಿಸಿದರೆ, ಬಂದ ದಿನ ತಂತಿಗೆ ಒಂದು ಬಿಳಿ ಬಟ್ಟೆ ಹಾಕು. ಬೆಳಗ್ಗೆಯಿಂದಲೇ ನಾನು ಆ ಕಿಂಡಿಯಲ್ಲಿ ಕೂತಿರುತ್ತೇನೆ.