ಚೇರ್ಮನ್ ತಿಂದ ತೋಫು

ಬುಸಾನ್
ಅಕ್ಟೋಬರ್ ೨೮, ಸೋಮವಾರ

ಪ್ರೀತಿಯ ಯೇರಿನಳ ಅಪ್ಪನಿಗೆ,

ಮೊಣಕಾಲು ನೋವು ಹೇಗಿದೆ? ಅಲ್ಲಿನ ನೆಲ ಈಗಾಗಲೇ ಕೊರೆಯುತ್ತಿರಬೇಕು. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹೋದ ವರ್ಷದ ಹಾಗೆ ಪಕ್ಕದ ಹಾಸಿಗೆಯವನಿಗೆ ಕೊಟ್ಟು ದಾನಶೂರರಾಗಬೇಡಿ, ನೀವೇ ಹಾಕಿಕೊಳ್ಳಿ. ಇಲ್ಲಿ ಕಿಮ್ಚಿ ಹಾಕುವ ಕಾಲ ಬಂತು. ಈ ಸಲ ಅರ್ಧದಷ್ಟು ಕೋಸು ಸಾಕು ಅಂದರು ಅತ್ತೆ.

ಆಗಸ್ಟ್ ಹದಿನೈದರಂದು ಏನಾಯಿತೆಂದು ನಿಮಗೆ ಪೂರ್ತಿ ಹೇಳಿಲ್ಲ. ಭೇಟಿಗೆ ಬಂದಾಗ ಗಾಜಿನ ಆಚೆ ನಿಮ್ಮ ಮುಖ ನೋಡಿದರೆ ಊಟ-ನಿದ್ದೆಯ ವಿಷಯವಷ್ಟೇ ಕೇಳಿ ಎದ್ದು ಬಂದುಬಿಡುತ್ತೇನೆ. ಕಂಪನಿಯ ವಕೀಲ ಹ್ವಾಂಗ್ ಅದರ ಹಿಂದಿನ ವಾರ ಫೋನ್ ಮಾಡಿ, "ಅತ್ತಿಗೆ, ವಿಮೋಚನಾ ದಿನಕ್ಕೆ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಕೊಡ್ತಿದಾರೆ. ತೋಫು ತಂದಿಟ್ಕೊಳ್ಳಿ" ಅಂದಿದ್ದ. ಕಂಪನಿಯ ಚೇರ್ಮನ್ ಬಿಡುಗಡೆಯಾದರೆ, ಆತ ತೋರಿಸಿದ ಸುಳ್ಳು ಲೆಕ್ಕಗಳಿಗೆಲ್ಲ ಸಹಿ ಹಾಕಿ ಅವನ ಜೊತೆ ಒಳಗೆ ಹೋದ ನೀವೂ ಬರುತ್ತೀರಿ ಎಂದುಕೊಂಡೆವು. ಅತ್ತೆ ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ ಬಿಸಿ ತೋಫು ತಂದು, ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. "ಜೈಲಿಂದ ಹೊರಬಂದವನಿಗೆ ತೋಫು ತಿನ್ನಿಸೋದು ಹಳೇ ಪದ್ಧತಿ, ಬಾಗಿಲು ದಾಟಿದ ತಕ್ಷಣ ನನ್ನ ಕೈಯಿಂದ್ಲೇ ತಿನ್ನಿಸ್ಬೇಕು ಕಣೇ. ಆಮೇಲೆ ಅವನು ಜನ್ಮದಲ್ಲಿ ಈ ಕಡೆ ತಲೆ ಹಾಕಿ ಮಲಗಬಾರದು" ಎಂದು ದಾರಿಯುದ್ದಕ್ಕೂ ಅದೇ ಮಾತು.

ಬಾಗಿಲು ತೆರೆಯಿತು. ಆ ಬಿರುಬಿಸಿಲಿನಲ್ಲಿ ಕಂಬಳಿ ಹೊದ್ದುಕೊಂಡು ಗಾಲಿಕುರ್ಚಿಯಲ್ಲಿ ಚೇರ್ಮನ್ ಬಂದ. (ಮರುವಾರವೇ ಗಾಲ್ಫ್ ಆಡಿದನಂತೆ, ಕಾಲಿಗೆ ಕ್ಷಮಾದಾನ ಸ್ವಲ್ಪ ತಡವಾಗಿ ತಲುಪಿರಬೇಕು.) ಕ್ಯಾಮೆರಾದವರೆಲ್ಲ ಮುಗಿಬಿದ್ದರು. ಅವನ ಕಾರ್ಯದರ್ಶಿ ಅತ್ತೆಯ ಕೈಯಲ್ಲಿದ್ದ ತೋಫು ನೋಡಿದವನೇ, "ಬನ್ನಿ ಅಜ್ಜಿ, ಬನ್ನಿ" ಎಂದು ತೋಳು ಹಿಡಿದು ಎಳೆದುಕೊಂಡು ಹೋಗಿ ಅವರ ಕೈಯನ್ನೇ ಚೇರ್ಮನ್ ಬಾಯಿಗೆ ತಾಗಿಸಿದ. ಅತ್ತೆ ನೋಡುತ್ತಿದ್ದದ್ದು ಬಾಗಿಲ ಕಡೆಗೆ. "ನನ್ನ ಮಗ ಎಲ್ಲಿ?" ಎಂದು ಕೇಳಿದರು. ಆ ಮನುಷ್ಯ ಅಗಿಯುತ್ತಾ, "ಚೆನ್ನಾಗಿದೆ, ಉಪ್ಪು ಸ್ವಲ್ಪ ಕಮ್ಮಿ" ಅಂದ. ಅವನು ಸಾಯಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ.

ಮಾರನೆಯ ದಿನ ಆ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಬಡ ಅಜ್ಜಿಯೇ ತುತ್ತಿಟ್ಟಳು, ಜನ ಕ್ಷಮಿಸಿದ್ದಾರೆ ಎಂದು ರಾಷ್ಟ್ರಾಧ್ಯಕ್ಷರ ವಕ್ತಾರ ಹೇಳಿದ. ಊರೆಲ್ಲ ಉರಿದುಬಿತ್ತು. ಮಾರುಕಟ್ಟೆಯ ಮೀನಿನವಳು ಅತ್ತೆಯ ಮುಖಕ್ಕೆ ಹೊಡೆದಂತೆ, "ಕಳ್ಳನ ಬಾಯಿಗೆ ತುತ್ತಿಟ್ಟ ಕೈಗೆ ನಾನು ಮೀನು ಕೊಡಲ್ಲ, ನಡಿ" ಅಂದಳು. ಮಗನಿಗೆ ತಂದದ್ದು ಅಂತ ಹೇಳಬಾರದಿತ್ತೇ ಎಂದು ನಾನು ಕೇಳಿದರೆ, "ಮಗ ಜೈಲಲ್ಲಿದಾನೆ ಅಂತ ಹೇಳೋದಕ್ಕಿಂತ ಇದೇ ವಾಸಿ" ಅಂದರು ಅತ್ತೆ.

ನಿಮ್ಮನ್ನು ಯಾಕೆ ಬಿಡಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮೇಲ್ಮನವಿ ಬಾಕಿಯಿದ್ದವರಿಗೆ ಕ್ಷಮೆಯಿಲ್ಲವಂತೆ, ಶಿಕ್ಷೆ ಅಂತಿಮವಾಗಿರಬೇಕಂತೆ. ಚೇರ್ಮನ್ ಮೇ ತಿಂಗಳಲ್ಲೇ ಸದ್ದಿಲ್ಲದೆ ತನ್ನ ಮೇಲ್ಮನವಿ ವಾಪಸ್ ತೆಗೆದುಕೊಂಡಿದ್ದ. ಅದೇ ಹ್ವಾಂಗ್ ನಿಮಗೆ ಮಾತ್ರ "ಬಿಡಬೇಡಿ, ಸುಪ್ರೀಂ ಕೋರ್ಟಿನಲ್ಲಿ ಶಿಕ್ಷೆ ಕಮ್ಮಿ ಮಾಡಿಸೋಣ" ಎಂದು ಬೆನ್ನು ತಟ್ಟುತ್ತಿದ್ದ. ಸೆಪ್ಟೆಂಬರಿನಲ್ಲಿ ಬಂದು "ನೀವೂ ವಾಪಸ್ ತಗೊಳ್ಳಿ, ಹೊಸ ವರ್ಷದ ಕ್ಷಮಾದಾನದಲ್ಲಿ ಖಂಡಿತ" ಅಂದ, ನೀವು ತೆಗೆದುಕೊಂಡಿರಿ. ಉಳಿದ ನಾಲ್ಕು ವರ್ಷ ಈಗ ಕಲ್ಲಿನ ಮೇಲೆ ಕೆತ್ತಿದ ಹಾಗಾಯಿತು. ಅಷ್ಟರಲ್ಲಿ ಉಪಚುನಾವಣೆ ಬಂತು. ವಿರೋಧ ಪಕ್ಷದವರು ಗೋಡೆಗೋಡೆಗೂ ಅತ್ತೆಯ ಚಿತ್ರ ಅಂಟಿಸಿದರು. ಎಂದೂ ಸೋಲದ ನಮ್ಮ ಕ್ಷೇತ್ರದಲ್ಲೇ ಆಳುವ ಪಕ್ಷ ಸೋತಿತು. ರಾಷ್ಟ್ರಾಧ್ಯಕ್ಷರು ಟಿವಿಯಲ್ಲಿ ಸೊಂಟ ಬಾಗಿಸಿ, ತಮ್ಮ ಅವಧಿಯಲ್ಲಿ ಇನ್ನು ಇಂಥ ಅಪರಾಧಿಗಳಿಗೆ ಕ್ಷಮಾದಾನವಿಲ್ಲ ಎಂದು ಮಾತು ಕೊಟ್ಟರು. ಮೇಲಿನ ಮನೆಯವರು ಚಪ್ಪಾಳೆ ತಟ್ಟಿದ್ದು ನಮಗೆ ಕೇಳಿಸಿತು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಅತ್ತೆ ಎದ್ದು ಟಿವಿ ಆರಿಸಿ ಅನ್ನಕ್ಕಿಟ್ಟರು.

ಹೊಟ್ಟೆ ತುಂಬ ಊಟ ಮಾಡಿ, ಯಾರೊಂದಿಗೂ ಜಗಳಕ್ಕೆ ಹೋಗಬೇಡಿ. ಅತ್ತೆ ನಿಮ್ಮ ಹೆಸರು ಹೇಳಿಕೊಂಡೇ ಬುದ್ಧನಿಗೆ ದೀಪ ಹಚ್ಚುತ್ತಾರೆ. ಅವರ ಆಶೀರ್ವಾದ, ನನ್ನ ನಮಸ್ಕಾರ.

ನಿಮ್ಮ
ಯೇರಿನಳ ಅಮ್ಮ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗೆದ್ದ ಪಕ್ಷದವರು ಈ ಕ್ಷಮಾದಾನದ ತನಿಖೆಗೆ ಸಮಿತಿ ಮಾಡಿದ್ದಾರೆ. ಮುಂದಿನ ವಾರ ನಿಮ್ಮನ್ನು ಕಾಣಲು ಬರುತ್ತಾರೆ. ಕಂಪನಿಯ ಹಣ ಆಳುವ ಪಕ್ಷಕ್ಕೆ ಹೋಯಿತು, ಕಳಿಸಿದ್ದು ಚೇರ್ಮನ್ ಎಂದು ನೀವು ಬಾಯಿಬಿಟ್ಟರೆ ಮರುವಿಚಾರಣೆ ಸಿಗುತ್ತದಂತೆ, ವಸಂತಕ್ಕೆ ಮೊದಲೇ ಮನೆಗೆ ಬರಬಹುದಂತೆ. ಇನ್ನೊಂದು ವಿಷಯ. ಯೇರಿನ್‌ಗೆ ಕೆಲಸ ಸಿಕ್ಕಿದೆ. ಹ್ವಾಂಗ್ ಮನೆಗೇ ಬಂದು ಹೇಳಿಹೋದ: ಅದೇ ಕಂಪನಿ, ಅದೇ ಲೆಕ್ಕಪತ್ರ ವಿಭಾಗ, ನೀವು ಕೂರುತ್ತಿದ್ದ ಮೇಜು. ಬರುವ ಸೋಮವಾರದಿಂದ ಹೋಗಬೇಕು. ಜೈಲಿನವನ ಮಗಳು ಎಂದು ಎಲ್ಲರೂ ಬಾಗಿಲಿನಿಂದಲೇ ಕಳಿಸುತ್ತಿದ್ದ ಹುಡುಗಿ, ನಿನ್ನೆ ಹೊಸ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಇಸ್ಪೀಟಿನ ಎಲೆಯನ್ನೇ ಮುಟ್ಟದ ನೀವು ಕಂಪನಿಯಿಂದ ಕಾಣೆಯಾದ ಆ ಹಣವನ್ನೆಲ್ಲ ಜೂಜಿನಲ್ಲಿ ಕಳೆದೆ ಎಂದು ಕೋರ್ಟಿನಲ್ಲಿ ಹೇಳಿದ್ದಿರಿ. ಸಮಿತಿಯವರಿಗೂ ಅದನ್ನೇ ಹೇಳಿ.