ಅಮ್ಮ ತಿನ್ನದ ಮೊಟ್ಟೆ

ಮಾರ್ಚ್ 3, ಸೋಮವಾರ

ಬೇಳೆ ಬೇಯಲು ಇಟ್ಟು ಊಟದ ಹಾಳೆ ತುಂಬಲು ಕೂತೆ. ಐದನೇ ವಾರ. ಮೂರು ಸಾಲು: ಮಗಳು ಚೂಟಿ, ಎಂಟು ವರ್ಷ. ನಾನು, ನಲವತ್ತೊಂದು. ಅಮ್ಮ, ಎಪ್ಪತ್ತಮೂರು. ಯಾರು ಏನು ತಿಂದರು, ಎಷ್ಟು ತಿಂದರು. ಅಮ್ಮನ ಮರೆವಿಗೆ ಅಂತ ಕ್ಲಿನಿಕ್ಕಿನ ನರ್ಸ್ ಕೊಟ್ಟದ್ದು. ಮಾಂಸ ಕಡಿಮೆ, ಬೇಳೆ, ಕಾಳು, ಸೊಪ್ಪು ಜಾಸ್ತಿ. ಅಮ್ಮನಿಗೆ ಮಾತ್ರ ದಿನಾ ಒಂದು ಮೊಟ್ಟೆ, ಒಂದು ಲೋಟ ಹಾಲು, ತಪ್ಪಿಸಬಾರದು.

"ಇಂಥ ಊಟ ಭೂಮಿಗೂ ಹಗುರ, ತಲೆಗೂ ಒಳ್ಳೇದು. ಮಗೂ ತಲೆ ಬೆಳೀಬೇಕು, ಅಜ್ಜಿ ತಲೆ ಉಳೀಬೇಕು" ಅಂದಿದ್ದರು ನರ್ಸ್. ನಡುವಿನ ನನ್ನ ತಲೆಗೆ ಏನಾಗಬೇಕೋ ಹೇಳಲಿಲ್ಲ.

ಅಮ್ಮ ಇವತ್ತೂ ಮೊಟ್ಟೆಯನ್ನು ಚೂಟಿ ತಟ್ಟೆಗೆ ದಾಟಿಸಿದಳು. "ಬೆಳೆಯೋ ಕೂಸು ತಿನ್ಲಿ ಬಿಡೇ. ನಂಗೆ ಊರು ಹೋಗು ಅನ್ನತ್ತೆ, ಕಾಡು ಬಾ ಅನ್ನತ್ತೆ." ಹಾಲೂ ಹಾಗೇ. ಅವಳದು ಚಹಾದಲ್ಲಿ ಅದ್ದಿದ ಬ್ರೆಡ್ಡು, ಅಷ್ಟೇ.

ಬರೆದೆ: ಮೊಟ್ಟೆ ಒಂದು. ಹಾಲು ಒಂದು ಲೋಟ.

ಮೊದಲ ವಾರ ಬೈಗುಳಕ್ಕೆ ಹೆದರಿ ಹೀಗೇ ಬರೆದಿದ್ದೆ. ನರ್ಸ್ ಕೆಂಪು ಪೆನ್ನಲ್ಲಿ 'ಗುಡ್' ಹಾಕಿದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಹಾಳೆಗೆ ಯಾರೂ ಗುಡ್ ಹಾಕಿದ್ದಿಲ್ಲ.

ಮಾರ್ಚ್ 6

ಲಾಂಡ್ರಿ ಕೆಲಸದಲ್ಲಿ ಇವತ್ತು ಇನ್ನೂರು ಬೆಡ್‌ಶೀಟು. ಹಬೆಗೆ ಕಣ್ಣು ಉರಿ. ಮನೆಯಲ್ಲಿ ಸ್ಟವ್ ಆರಿಸಿದೆನೋ ಇಲ್ಲವೋ... ಆರಿಸಿದ್ದೆ.

ಅಮ್ಮ ನನ್ನ ಅಂಗಿಗೆ ಗುಂಡಿ ಹಚ್ಚಲು ಹೋಗಿ ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿದ್ದಾಳೆ.

"ಅಜ್ಜಿ, ಕೈ ಎಲ್ಲಿಂದ ಆಚೆ ಬರ್ಬೇಕು?" ಚೂಟಿಗೆ ನಗು.

"ಚಳಿಗಾಲ ಅಲ್ವೇನೇ, ಒಳಗೇ ಇರ್ಲಿ!"

ಮೂವರೂ ನಕ್ಕೆವು. ಆಮೇಲೆ ಅಡುಗೆಮನೆಗೆ ಹೋಗಿ ಹೊಲಿಗೆ ಬಿಚ್ಚಿದೆ. ಚಳಿಗಾಲ ಅಲ್ಲ. ಪಾದದಲ್ಲಿ ಇರುವೆ ಹರಿದ ಹಾಗಾಗುತ್ತದೆ ಅಂತಲೂ ಅಮ್ಮ ಹೇಳುತ್ತಿದ್ದಾಳೆ.

ಮಾರ್ಚ್ 20

ಕ್ಲಿನಿಕ್ಕಿನ ಡಾಕ್ಟರ್ ಎಲ್ಲ ಹಾಳೆ ತಿರುವಿ ಹಾಕಿದರು. "ಮೊಟ್ಟೆ, ಹಾಲು ದಿನಾ ಹೋಗ್ತಿದೆ. ಹಾಗಾದ್ರೆ ಇದು ಊಟದ ಕೊರತೆ ಅಲ್ಲ. ಕೊರತೆಯಾಗಿದ್ರೆ ಸರಿ ಮಾಡ್ಬಹುದಿತ್ತು. ಇದು ವಯಸ್ಸಿನ ಕಾಯಿಲೆ ಇರ್ಬೇಕು. ಹೋಗ್ತಾ ಹೋಗ್ತಾ ಜಾಸ್ತಿ ಆಗತ್ತೆ, ಮನಸ್ಸು ಗಟ್ಟಿ ಮಾಡ್ಕೊಳಿ."

ತಲೆ ಆಡಿಸಿ ಬಂದೆ. ಬರೆದ ಕೈಯನ್ನು ಏನು ಮಾಡಲಿ.

ಮಾರ್ಚ್ 22

ಹೇಳಿದರೆ ಬೈದು ಓಡಿಸುತ್ತಾರೇನೋ. ಅಮ್ಮನನ್ನು ನೋಡುವುದೇ ಬಿಟ್ಟರೆ? ಹೇಳದಿದ್ದರೆ...

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಚೂಟಿಯನ್ನೇ ದಿಟ್ಟಿಸಿದಳು. "ಯಾರದೇ ಈ ಮಗು?"

ಚೂಟಿ ತುತ್ತು ಹಿಡಿದುಕೊಂಡೇ ಕೂತಳು.

"ಯಾರದ್ದಾದ್ರೇನು, ತಿನ್ಲಿ ಪಾಪ" ಅಂತ ಅಮ್ಮ ತನ್ನ ಮೊಟ್ಟೆ ಎತ್ತಿ ಅವಳ ತಟ್ಟೆಗೆ ಇಟ್ಟಳು.

ಮಾರ್ಚ್ 24, ಸೋಮವಾರ

ಅರ್ಧ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಹೋದೆ. ಹೇಳಿದೆ.

ನರ್ಸ್ ಪೆನ್ನು ಕೆಳಗಿಟ್ಟರು. "ಏಳು ಹಾಳೇನೂ ಸುಳ್ಳಾ?"

"ಅಮ್ಮನ ಸಾಲು ಮಾತ್ರ ಮೇಡಂ."

"ಅದೇ ಸಾಲಿಗೆ ಅಲ್ವೇನಮ್ಮ ಇಷ್ಟೆಲ್ಲ ಮಾಡಿದ್ದು!" ಬೈದರು. ನೀರು ಕೊಟ್ಟರು. ಡಾಕ್ಟರ್ ಬೈಯಲೇ ಇಲ್ಲ, ಅದೇ ಕಷ್ಟವಾಯಿತು. ಅಮ್ಮನನ್ನು ಕರೆತರಿಸಿ ರಕ್ತ ತೆಗೆದರು.

ಮಾರ್ಚ್ 29

ಅಮ್ಮನ ರಕ್ತದಲ್ಲಿ ವಿಟಮಿನ್ ಬಿ ಹನ್ನೆರಡು ತಳ ಕಂಡಿದೆಯಂತೆ. ನರಕ್ಕೆ, ನೆನಪಿಗೆ ಬೇಕಾದದ್ದು. ಸೊಪ್ಪು, ಬೇಳೆಯಲ್ಲಿ ಅದು ಇರುವುದಿಲ್ಲ. ಮೊಟ್ಟೆ, ಹಾಲು ಅದಕ್ಕೇ ಬರೆದದ್ದು. ಇಂಜೆಕ್ಷನ್ ಶುರು.

"ನೆನಪು ವಾಪಸ್ ಬರತ್ತಾ ಡಾಕ್ಟ್ರೇ?"

"ಸ್ವಲ್ಪ ಬರಬಹುದು. ಪೂರ್ತಿ ಅಂತ ಹೇಳಲಾರೆ. ತಡ ಆದಷ್ಟೂ ಕಷ್ಟ."

ಆ ತಡದಲ್ಲಿ ಏಳು ವಾರ ನನ್ನದು.

ಏಪ್ರಿಲ್ 11

ನಾಲ್ಕು ಇಂಜೆಕ್ಷನ್ ಆಯಿತು. ಹೊಸ ಹಾಳೆ. ಮೊಟ್ಟೆಯನ್ನು ಬೇಳೆಯಲ್ಲಿ ಕಿವುಚಿ ಕೊಟ್ಟೆ. ಚೂಟಿ ತನ್ನ ತಟ್ಟೆ ಎತ್ತಿಕೊಂಡು ಹೊಸ್ತಿಲಿಗೆ ಓಡಿದಳು, ಅಜ್ಜಿಯ ಕೈ ಎಟುಕದ ಹಾಗೆ. ಅಮ್ಮ ಮುನಿಸಿಕೊಂಡಳು.

ಅಮ್ಮನ ಸಾಲು: ಮೊಟ್ಟೆ ಅರ್ಧ. ಹಾಲು ಎರಡು ಗುಟುಕು. ಸೊಪ್ಪು ಉಗುಳಿದಳು. ಹಾಳೆ ನೋಡಲು ಕೆಟ್ಟದಾಗಿದೆ. ಇರಲಿ.

ಅಮ್ಮ ಒಳಗಿಂದ ಕೂಗುತ್ತಿದ್ದಾಳೆ, ಯಾರದೋ ಹೆಸರು ಹಿಡಿದು. ನನ್ನದೇ ಇರಬೇಕು, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿದರೆ ಗೊತ್ತಾಗುತ್ತದೆ.